‘ಹಂಗೇ ಅದ’ ಎನ್ನುವ ಮುನ್ನ

ನಮ್ಮ ಜೇವರ್ಗಿ ಕಡೆಯ ಮನೆಗಳಲ್ಲಿ ಹೆಣ್ಣುಮಕ್ಕಳು ಅತಿ ಹೆಚ್ಚು ಸಲ ಕೇಳಿಸಿಕೊಳ್ಳುವ ಉತ್ತರ ಯಾವುದೆಂದು ಯಾರಾದರೂ ಲೆಕ್ಕ ಹಾಕಿದರೆ, ಅದು ‘ಹಂಗೇ ಅದ’ ಎಂಬ ಉತ್ತರವೇ ಆದೀತು. ತಮ್ಮನಿಗೆ ಮೊದಲು ಯಾಕೆ ಉಣ್ಣಲು ಬಡಿಸಬೇಕು? ಹಂಗೇ ಅದ. ಹೊತ್ತು ಮುಳುಗಿದ ಮೇಲೆ ಕಟ್ಟೆಯ ಮೇಲೆ ಯಾಕೆ ಕೂಡಬಾರದು? ಹಂಗೇ ಅದ. ಅಣ್ಣ ಕಲಬುರಗಿಯ ಕಾಲೇಜಿಗೆ ಹೋಗುತ್ತಾನೆ, ನಾನು ಮಾತ್ರ ಹತ್ತನೆಯ ಇಯತ್ತೆಗೇ ಯಾಕೆ ನಿಲ್ಲಬೇಕು? ಹಂಗೇ ಅದ ನೋಡವ್ವಾ, ಸುಮ್ಮನಿರು. ಹೇಳುವವರಿಗೆ ಈ ಉತ್ತರದಿಂದ ಯಾವ ಶ್ರಮವೂ ಇಲ್ಲ. ಕೇಳಿದವಳಿಗೆ ಮುಂದೆ ದಾರಿಯೂ ಇಲ್ಲ. ನಮಗೆ ನಮ್ಮ ಅವ್ವಂದಿರು ಹೇಳಿದರು, ಅವರಿಗೆ ಅವರ ಅತ್ತೆಯಂದಿರು ಹೇಳಿದ್ದರು, ನಾವೂ ಒಲೆಯ ಮುಂದೆ ಬೇಳೆ ತಿರುವುತ್ತಾ ಮಕ್ಕಳ ಮುಖ ನೋಡದೆಯೇ ಅದನ್ನು ಹೇಳುತ್ತೇವೆ.

ವಿಚಿತ್ರವೆಂದರೆ, ಪ್ರಶ್ನೆ ಕೇಳಿರಿ ಕೇಳಿರಿ ಎಂದು ನಮ್ಮನ್ನು ಹುರಿದುಂಬಿಸುವ ವಿಜ್ಞಾನವೂ ಒಂದು ಹಂತಕ್ಕೆ ಬಂದಮೇಲೆ ಇದೇ ಮಾತನ್ನು ಆಡುತ್ತದೆ. ಹಾಗಾದರೆ ಅಜ್ಜಿಯ ‘ಹಂಗೇ ಅದ’ಕ್ಕೂ ವಿಜ್ಞಾನದ ‘ಹಂಗೇ ಅದ’ಕ್ಕೂ ವ್ಯತ್ಯಾಸವೇನು? ಅನೇಕ ವರ್ಷಗಳಿಂದ ನನ್ನ ತಲೆಯಲ್ಲಿ ಸುತ್ತುತ್ತಿರುವ ಪ್ರಶ್ನೆ ಇದು. ವಿದ್ವಾಂಸರು ಇದಕ್ಕೆ ಏನು ಹೇಳುತ್ತಾರೋ, ನಾನು ಒಬ್ಬ ಮಾಸ್ತರಬಾಯಿಯಾಗಿ ನನಗೆ ಹೊಳೆದದ್ದನ್ನು ಹೇಳುತ್ತೇನೆ.

ನಾನು ಬಿ.ಎ., ಬಿ.ಇಡ್. ಮಾಡಿದವಳು. ಕನ್ನಡ ಮತ್ತು ಸಮಾಜ ಪಾಠ ಹೇಳುತ್ತಲೇ ಕೂದಲು ನರೆತವು. ಆದರೆ ನಮ್ಮ ಭಾಗದ ಶಾಲೆಗಳಲ್ಲಿ ಒಂದು ಹುದ್ದೆ ಖಾಲಿ ಬಿತ್ತೆಂದರೆ ಅದು ತುಂಬುವವರೆಗೆ ಇದ್ದವರೇ ಆ ಪಾಠವನ್ನು ಹಂಚಿಕೊಳ್ಳಬೇಕು. ಹಾಗೆ ಒಂದು ವರ್ಷ ಎಂಟನೆಯ ತರಗತಿಯ ವಿಜ್ಞಾನ ನನ್ನ ಪಾಲಿಗೆ ಬಂತು. ಸ್ಥಾಯೀ ವಿದ್ಯುತ್ತಿನ ಪಾಠಕ್ಕೆ ಬಂದಾಗ ಡಿಸೆಂಬರ್ ತಿಂಗಳು. ನಮ್ಮ ಬಯಲುಸೀಮೆಯ ಒಣಗಾಳಿ ಈ ಪಾಠಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಚಳಿಗಾಲದ ರಾತ್ರಿ ಪಾಲಿಯೆಸ್ಟರ್ ಸೀರೆ ಬಿಚ್ಚಿಡುವಾಗ ಚಟಪಟ ಎಂದು ಕಿಡಿ ಹಾರುವುದನ್ನು ನೀವೂ ಕಂಡಿರುತ್ತೀರಿ. ಎಣ್ಣೆ ಹಚ್ಚದ ತಲೆಯ ಮೇಲೆ ಪ್ಲಾಸ್ಟಿಕ್ ಬಾಚಣಿಗೆಯನ್ನು ಹತ್ತು ಸಲ ಎಳೆದು ಹರಿದ ಕಾಗದದ ಚೂರುಗಳ ಹತ್ತಿರ ತಂದರೆ ಸಾಕು, ಚೂರುಗಳು ಎದ್ದು ಹಾರಿ ಅಂಟಿಕೊಳ್ಳುತ್ತವೆ. ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನ ಒಬ್ಬ ಹುಡುಗಿ ಮಾತ್ರ ಹುಬ್ಬು ಗಂಟಿಕ್ಕಿಕೊಂಡು ಎದ್ದು ನಿಂತಳು.

‘ಟೀಚರ್, ಬಾಚಣಿಗಿ ಕಾಗದಕ್ಕ ಮುಟ್ಟೇ ಇಲ್ಲ. ಮತ್ತ ಬಾಚಣಿಗಿ ಬಂದದಂತ ಕಾಗದಕ್ಕ ಹ್ಯಾಂಗ ಗೊತ್ತಾತು?’

ಪುಸ್ತಕದಲ್ಲಿ ಅದಕ್ಕೆ ಉತ್ತರವಿತ್ತು. ತಲೆಗೂದಲಿನಿಂದ ಎಲೆಕ್ಟ್ರಾನುಗಳು ಬಾಚಣಿಗೆಗೆ ಬಂದು ಅದಕ್ಕೆ ಋಣ ಆವೇಶ ಬರುತ್ತದೆ. ಆವೇಶವು ತನ್ನ ಸುತ್ತ ವಿದ್ಯುತ್ ಕ್ಷೇತ್ರವನ್ನು ಉಂಟುಮಾಡುತ್ತದೆ. ಆ ಕ್ಷೇತ್ರದೊಳಗೆ ಬಂದ ಕಾಗದದ ಹತ್ತಿರದ ಅಂಚಿನಲ್ಲಿ ಧನ ಆವೇಶ ತುಸು ಹೆಚ್ಚಾಗಿ ಕಾಗದ ಸೆಳೆಯಲ್ಪಡುತ್ತದೆ. ಹುಡುಗಿ ಎಲ್ಲ ಕೇಳಿದಳು, ಕೂಡಲಿಲ್ಲ. ‘ಅದು ಸರಿರೀ ಟೀಚರ್. ಆವೇಶ ಯಾಕ ಕ್ಷೇತ್ರ ಮಾಡ್ತದ?’ ಎಂದಳು. ಆ ಪ್ರಶ್ನೆಯನ್ನು ಕರಿಹಲಗೆಯ ಮೂಲೆಯಲ್ಲಿ ಬರೆದಿಟ್ಟು, ಅಳಿಸಬೇಡಿರೆಂದು ಹೇಳಿ, ಓದಲು ಕುಳಿತೆ.

ಮೊದಲು ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಎರಡು ಪದಗಳೇ. ಆವೇಶ, ಕ್ಷೇತ್ರ. ನಮ್ಮ ನೆರೆಯ ಅಫಜಲಪುರ ತಾಲ್ಲೂಕಿನಲ್ಲಿ ಭೀಮಾ ಮತ್ತು ಅಮರಜಾ ನದಿಗಳು ಕೂಡುವಲ್ಲಿ ದೇವಲ ಗಾಣಗಾಪುರವಿದೆ. ಅದು ದತ್ತನ ಕ್ಷೇತ್ರ. ಅಲ್ಲಿಗೆ ಮೈಮೇಲೆ ಬಂದವರನ್ನು, ಅಂದರೆ ಆವೇಶಗೊಂಡವರನ್ನು, ಕರೆದುಕೊಂಡು ಹೋಗುವ ರೂಢಿ ಇದೆ. ನೃಸಿಂಹ ಸರಸ್ವತಿಯವರು ಇದ್ದ ಜಾಗವೆಂದು ಅದು ಕ್ಷೇತ್ರವಾಯಿತು. ಒಬ್ಬರ ಇರವಿನಿಂದ ಸುತ್ತಣ ನೆಲವೇ ಬೇರೆಯಾಗುತ್ತದೆ ಎಂಬ ಅರ್ಥ ಆ ಪದದಲ್ಲಿದೆ. ವಿಜ್ಞಾನಕ್ಕೆ ಕನ್ನಡದಲ್ಲಿ ಈ ಪದಗಳನ್ನು ಹಚ್ಚಿದವರಿಗೆ ಗಾಣಗಾಪುರ ನೆನಪಿತ್ತೆಂದು ನಾನು ಹೇಳುವುದಿಲ್ಲ. ಆದರೆ ನಮ್ಮ ಕಡೆಯ ಮಕ್ಕಳಿಗೆ ಅರ್ಥ ಮಾಡಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಗಲಿಲ್ಲ. ಆವೇಶವೊಂದು ಇರುವುದರಿಂದಲೇ ಅದರ ಸುತ್ತಣ ಬಯಲು ಬರಿಯ ಬಯಲಾಗಿ ಉಳಿಯುವುದಿಲ್ಲ. ಅಲ್ಲಿಗೆ ಇನ್ನೊಂದು ಆವೇಶ ಬಂದರೆ ಅದಕ್ಕೆ ಸೆಳೆತವೋ ನೂಕೋ ತಟ್ಟುತ್ತದೆ. ಹಾಗೆ ತಟ್ಟುವ ಗುಣ ಪಡೆದ ಬಯಲಿಗೆ ಕ್ಷೇತ್ರವೆಂದು ಹೆಸರು.

ನಮ್ಮ ಹುಡುಗಿಯ ಪ್ರಶ್ನೆ ಬಹಳ ಹಳೆಯದು. ಮುಟ್ಟದೆ ಎಳೆಯುವುದು ಹೇಗೆ ಎಂಬ ಚಿಂತೆ ನ್ಯೂಟನ್‌ನಂಥವನನ್ನೂ ಕಾಡಿತ್ತು. 1687ರಲ್ಲಿ ಅವನು ಸೂರ್ಯ ಭೂಮಿಯನ್ನು ಎಷ್ಟು ಬಲದಿಂದ ಎಳೆಯುತ್ತಾನೆಂದು ಲೆಕ್ಕ ಕೊಟ್ಟ. ಆದರೆ ನಡುವೆ ಏನೂ ಇಲ್ಲದೆ ಅಷ್ಟು ದೂರ ಒಂದು ಬಲ ದಾಟುತ್ತದೆ ಎಂಬುದನ್ನು ಅವನೇ ಒಪ್ಪಲಾರದೆ ಒದ್ದಾಡಿದ. ಕಡೆಗೆ 1713ರಲ್ಲಿ ತನ್ನ ಗ್ರಂಥದ ಎರಡನೆಯ ಮುದ್ರಣಕ್ಕೆ, ಕಾರಣ ತನಗೆ ಸಿಕ್ಕಿಲ್ಲ, ಸಿಗದೆ ಕಲ್ಪಿಸಿ ಹೇಳಲಾರೆ ಎಂದು ಸೇರಿಸಿದ. 1785ರಲ್ಲಿ ಫ್ರಾನ್ಸಿನ ಕೂಲಂಬ್, ಆವೇಶಗಳ ನಡುವಿನ ಬಲವನ್ನು ಅಳೆದು ತೋರಿಸಿದ. ದೂರ ಎರಡರಷ್ಟಾದರೆ ಬಲ ನಾಲ್ಕರಲ್ಲಿ ಒಂದು ಪಾಲಾಗುತ್ತದೆ. ಎಷ್ಟು ಎಂಬುದಕ್ಕೆ ಉತ್ತರ ಸಿಕ್ಕಿತು, ಹೇಗೆ ಎಂಬುದು ಹಾಗೆಯೇ ಉಳಿಯಿತು.

ಅದಕ್ಕೆ ದಾರಿ ತೋರಿದವನು ಮೈಕೇಲ್ ಫ್ಯಾರಡೆ. 1791ರಲ್ಲಿ ಹುಟ್ಟಿದ ಅವನು ಕಮ್ಮಾರನ ಮಗ, ಹೆಚ್ಚು ಶಾಲೆ ಕಲಿತವನಲ್ಲ. ಹದಿನಾಲ್ಕನೆಯ ವಯಸ್ಸಿಗೆ ಪುಸ್ತಕಗಳಿಗೆ ರಟ್ಟು ಕಟ್ಟುವವನ ಹತ್ತಿರ ಕೆಲಸಕ್ಕೆ ಸೇರಿದ. ಅಲ್ಲಿ ರಟ್ಟು ಕಟ್ಟಲು ಬಂದ ಪುಸ್ತಕಗಳನ್ನು ಓದುತ್ತಲೇ ವಿಜ್ಞಾನಿಯಾದ. ಹಾಗೆ ಓದಿದ್ದರಲ್ಲಿ ಜೇನ್ ಮಾರ್ಸೆಟ್ ಎಂಬ ಹೆಣ್ಣುಮಗಳು ರಸಾಯನಶಾಸ್ತ್ರವನ್ನು ಕುರಿತು ಮಾತುಕತೆಯ ರೂಪದಲ್ಲಿ ಬರೆದು 1806ರಲ್ಲಿ ಅಚ್ಚು ಹಾಕಿಸಿದ ಪುಸ್ತಕವೂ ಒಂದು. ಅದರಲ್ಲಿ ಪಾಠ ಹೇಳುವವಳೂ ಒಬ್ಬ ಹೆಂಗಸು, ಪ್ರಶ್ನೆ ಕೇಳುವವರೂ ಇಬ್ಬರು ಹುಡುಗಿಯರು, ಎಮಿಲಿ ಮತ್ತು ಕ್ಯಾರೊಲಿನ್. ಮೊದಲ ಮುದ್ರಣದಲ್ಲಿ ಬರೆದವಳ ಹೆಸರೇ ಇರಲಿಲ್ಲ. ತನಗೆ ವಿಜ್ಞಾನದ ಬುನಾದಿ ಹಾಕಿದ್ದು ಆ ಪುಸ್ತಕವೆಂದು ಫ್ಯಾರಡೆ ಕೊನೆಯವರೆಗೂ ನೆನೆಯುತ್ತಿದ್ದ. ಇದನ್ನು ಓದಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಕ್ಷೇತ್ರದ ಕಲ್ಪನೆ ಕೊಟ್ಟ ಮಹಾಶಯನೇ ಇಬ್ಬರು ಹುಡುಗಿಯರ ‘ಯಾಕೆ’ಗಳನ್ನು ಓದಿ ಬೆಳೆದವನು ಎಂದಮೇಲೆ, ನನ್ನ ತರಗತಿಯ ಹಿಂದಿನ ಸಾಲಿನವಳು ಒಳ್ಳೆಯ ವಂಶದಲ್ಲೇ ಹುಟ್ಟಿದವಳು ಅನ್ನಿಸಿತು.

ಅಯಸ್ಕಾಂತದ ಮೇಲೆ ಕಾಗದ ಹಾಸಿ ಕಬ್ಬಿಣದ ಪುಡಿ ಉದುರಿಸಿದರೆ ಅದು ಗೆರೆಗೆರೆಯಾಗಿ ನಿಲ್ಲುತ್ತದೆ. ಆ ಗೆರೆಗಳು ಬರಿಯ ಚಿತ್ತಾರವಲ್ಲ, ಬಯಲಿನಲ್ಲಿ ನಿಜವಾಗಿಯೂ ಏನೋ ಇದೆ ಎಂದು ಫ್ಯಾರಡೆ ಹಟ ಹಿಡಿದ. ಗಣಿತ ಬಲ್ಲ ಮ್ಯಾಕ್ಸ್‌ವೆಲ್ 1865ರಲ್ಲಿ ಅದನ್ನು ಸಮೀಕರಣಗಳಲ್ಲಿ ಹೇಳಿ, ಬೆಳಕು ಕೂಡ ಇಂಥ ಕ್ಷೇತ್ರದ ಅಲೆಯೇ ಎಂದು ತೋರಿಸಿದ. ಹರ್ಟ್ಸ್ 1887-88ರಲ್ಲಿ ಅಂಥ ಅಲೆಗಳನ್ನು ಪ್ರಯೋಗದಲ್ಲಿ ಎಬ್ಬಿಸಿ ಹಿಡಿದ. ಒಂದು ಆವೇಶ ಅಲುಗಿದರೆ ದೂರದ ಇನ್ನೊಂದಕ್ಕೆ ಆ ಸುದ್ದಿ ತಕ್ಷಣ ಮುಟ್ಟುವುದಿಲ್ಲ, ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರಿನಂತೆ ಸಾಗಿ ಮುಟ್ಟುತ್ತದೆ. ಕಲಬುರಗಿ ಆಕಾಶವಾಣಿಯ ಕಂಬದಲ್ಲಿ ಎಲೆಕ್ಟ್ರಾನುಗಳು ಅಲುಗಿದರೆ, ಸುಮಾರು ನಲವತ್ತು ಕಿಲೋಮೀಟರ್ ದೂರದ ಜೇವರ್ಗಿಯ ರೇಡಿಯೋಗೆ ಅದು ಬರಲು ಸೆಕೆಂಡಿನ ಏಳೂವರೆ ಸಾವಿರ ಪಾಲಿನಲ್ಲಿ ಒಂದು ಪಾಲು ಬೇಕು. ಅಷ್ಟರವರೆಗೆ ಆ ಹಾಡು ಕಲಬುರಗಿಯಲ್ಲೂ ಇಲ್ಲ, ಜೇವರ್ಗಿಯಲ್ಲೂ ಇಲ್ಲ. ಅದು ಕ್ಷೇತ್ರದಲ್ಲಿ ಇರುತ್ತದೆ. ಆದ್ದರಿಂದ ಕ್ಷೇತ್ರವೆಂಬುದು ಲೆಕ್ಕಕ್ಕಾಗಿ ಹುಟ್ಟಿಸಿದ ಮಾತಲ್ಲ, ಇರುವ ವಸ್ತು.

ಇಲ್ಲಿಯವರೆಗೆ ಬಂದಮೇಲೆ ಹುಡುಗಿಯ ಪ್ರಶ್ನೆಯೇ ಸ್ವಲ್ಪ ಬದಲಾಗುತ್ತದೆ. ಆವೇಶ ಯಾಕೆ ಕ್ಷೇತ್ರವನ್ನು ಉಂಟುಮಾಡುತ್ತದೆ ಎಂದು ಕೇಳುವಾಗ, ಮೊದಲು ಆವೇಶವಿತ್ತು, ಆಮೇಲೆ ಅದು ಕ್ಷೇತ್ರವನ್ನು ಹೆತ್ತಿತು ಎಂದು ನಾವು ಅಂದುಕೊಂಡಿರುತ್ತೇವೆ. ಆದರೆ ಕ್ಷೇತ್ರವಿಲ್ಲದ ಆವೇಶವನ್ನು ಯಾರೂ ಎಲ್ಲೂ ಒಂದು ಕ್ಷಣವೂ ಕಂಡಿಲ್ಲ. ಕ್ಷೇತ್ರದ ಗೆರೆಗಳು ಎಲ್ಲಿ ಹೊರಡುತ್ತವೋ, ಎಲ್ಲಿ ಮುಗಿಯುತ್ತವೋ ಆ ಜಾಗಕ್ಕೇ ಆವೇಶ ಎಂದು ಹೆಸರು ಎಂದರೂ ನಡೆಯುತ್ತದೆ. ನಾವು ಸೀರೆ ಉಡುವಾಗ ನಿರಿಗೆ ಹಿಡಿಯುತ್ತೇವೆ. ನಿರಿಗೆ ಯಾಕೆ ಸೀರೆಯನ್ನು ಉಂಟುಮಾಡುತ್ತದೆ ಎಂದು ಯಾರಾದರೂ ಕೇಳಿದರೆ ನಗುತ್ತೇವೆ, ಅಲ್ಲವೆ? ನಿರಿಗೆಯೂ ಸೀರೆಯೇ, ಸೀರೆ ಒಂದು ಕಡೆ ಹಾಗೆ ಕೂಡಿಕೊಂಡಿದೆ. ಪರಮಾಣು ಎಂದರೆ ಬಲಗಳ ಕೇಂದ್ರವೇ ಹೊರತು ಬೇರೆ ಗಟ್ಟಿ ಉಂಡೆಯಲ್ಲ ಎಂದು 1844ರಲ್ಲೇ ಫ್ಯಾರಡೆ ಊಹಿಸಿದ್ದ. ಕಳೆದ ಶತಮಾನದ ಭೌತವಿಜ್ಞಾನಿಗಳು ಇನ್ನೂ ಒಂದು ಮೆಟ್ಟಿಲು ಇಳಿದು, ಎಲೆಕ್ಟ್ರಾನೇ ತನ್ನದೊಂದು ಕ್ಷೇತ್ರದ ಅಲೆ, ಅದಕ್ಕೂ ವಿದ್ಯುತ್ ಕ್ಷೇತ್ರಕ್ಕೂ ಒಂದು ನಂಟಿದೆ, ಆ ನಂಟಿನ ಹೆಸರೇ ಆವೇಶ ಎಂದರು. ಆ ನಂಟು ಎಷ್ಟು ಬಿಗಿ ಎಂಬುದನ್ನೂ ಅಳೆದರು. ಅದು 137ರಲ್ಲಿ ಒಂದು ಪಾಲಿನ ಸಮೀಪ ಬರುತ್ತದೆ. ನಂಟು ಯಾಕೆ ಇದೆ, 137 ಯಾಕೆ, ಇನ್ನೊಂದು ಸಂಖ್ಯೆ ಯಾಕಲ್ಲ ಎಂದು ಕೇಳಿದರೆ ವಿಜ್ಞಾನ ಇವತ್ತಿಗೆ ಹೇಳುವುದು ಇಷ್ಟೆ: ಹಂಗೇ ಅದ.

ಹಾಗಾದರೆ ಅಜ್ಜಿಯ ಮಾತಿಗೂ ಇದಕ್ಕೂ ಭೇದವೇನು? ನನಗೆ ಎರಡು ಭೇದ ಕಾಣುತ್ತವೆ.

ಮೊದಲನೆಯದು, ವಿಜ್ಞಾನ ಈ ಮಾತನ್ನು ಪ್ರಶ್ನೆಯ ಕೊನೆಯಲ್ಲಿ ಹೇಳುತ್ತದೆ, ನಾವು ಪ್ರಶ್ನೆಯ ಬಾಗಿಲಲ್ಲೇ ಹೇಳುತ್ತೇವೆ. ನ್ಯೂಟನ್, ಕೂಲಂಬ್, ಫ್ಯಾರಡೆ, ಮ್ಯಾಕ್ಸ್‌ವೆಲ್ ಎಂದು ಮುನ್ನೂರು ವರ್ಷ ಅಗೆದು, ಇನ್ನು ಮುಂದೆ ನಮ್ಮ ಗುದ್ದಲಿ ಇಳಿಯುತ್ತಿಲ್ಲ ಎಂದು ಹೇಳುವುದು ಬೇರೆ. ಅಗೆಯಲು ಬಂದವಳ ಕೈಯಿಂದ ಗುದ್ದಲಿ ಕಸಿಯುವುದು ಬೇರೆ. ವಿಜ್ಞಾನ ತಾನು ನಿಂತ ಜಾಗಕ್ಕೆ ಗುರುತು ನೆಟ್ಟು, ಮುಂದಿನವರು ಬಂದು ಅಗೆಯಲಿ ಎಂದು ಬಿಟ್ಟಿರುತ್ತದೆ.

ಎರಡನೆಯದು ಇನ್ನೂ ಮುಖ್ಯ. ನಿಸರ್ಗದ ‘ಹಂಗೇ ಅದ’ ಎಲ್ಲರಿಗೂ ಒಂದೇ. ಬಾಚಣಿಗೆ ಜೇವರ್ಗಿಯಲ್ಲಿ ಕಾಗದವನ್ನು ಎಳೆದಂತೆಯೇ ಲಂಡನ್ನಿನಲ್ಲೂ ಎಳೆಯುತ್ತದೆ. ಗಂಡಿನ ಕೂದಲು, ಹೆಣ್ಣಿನ ಕೂದಲು, ಗೌಡರ ಮನೆ, ಕೂಲಿಯವರ ಮನೆ ಎಂದು ಕೂಲಂಬನ ನಿಯಮ ನೋಡುವುದಿಲ್ಲ. ಮನುಷ್ಯರ ಕಟ್ಟಳೆ ಹಾಗಲ್ಲ. ಅದು ಭೀಮಾ ನದಿ ದಾಟಿದರೆ ಬದಲಾಗುತ್ತದೆ, ಒಮ್ಮೊಮ್ಮೆ ಒಂದು ಓಣಿ ದಾಟಿದರೇ ಬದಲಾಗುತ್ತದೆ. ಹೀಗೆ ಬದಲಾಗುವುದನ್ನು ಯಾರೋ ಮಾಡಿದ್ದಾರೆ ಎಂದೇ ಅರ್ಥ. ಯಾರೋ ಮಾಡಿದ್ದಕ್ಕೆ ‘ಯಾಕೆ’ ಎಂದು ಕೇಳಿದರೆ ಉತ್ತರ ಇದ್ದೇ ಇರುತ್ತದೆ. ಹೇಳುವವರಿಗೆ ಹೇಳಲು ಮನಸ್ಸಿಲ್ಲ, ಅಥವಾ ಅವರೇ ಮರೆತಿದ್ದಾರೆ, ಅಷ್ಟೆ.

ಆ ಹುಡುಗಿ ಹತ್ತನೆಯದಕ್ಕೆ ಬಂದಾಗ ಮನೆಯಲ್ಲಿ ಮದುವೆಯ ಮಾತು ಶುರುವಾಯಿತು. 2006ರ ಕಾಯಿದೆಯಂತೆ ಹೆಣ್ಣಿಗೆ 18 ತುಂಬದೆ ಮದುವೆ ಮಾಡುವುದು ಅಪರಾಧ ಎಂಬುದು ಅವಳ ಅಪ್ಪನಿಗೂ ಗೊತ್ತಿತ್ತು. ನಾನು ಹೋಗಿ ಕೇಳಿದಾಗ ಅವರು ಹೇಳಿದ್ದು ಅದೇ ಮಾತು, ‘ನಮ್ಮಲ್ಲಿ ಹಂಗೇ ಅದ ಟೀಚರ್.’ ಸೊಲ್ಲಾಪುರದಲ್ಲಿರುವ ನಿಮ್ಮ ತಮ್ಮನ ಮನೆಯಲ್ಲೂ ಹಾಗೇ ಇದೆಯೇ ಎಂದೆ. ಇಲ್ಲ, ಅವನ ಮಗಳು ಕಾಲೇಜಿಗೆ ಹೋಗುತ್ತಾಳೆ ಎಂದರು. ಒಂದೇ ಅಪ್ಪನ ಮಕ್ಕಳಿಬ್ಬರ ಮನೆಯಲ್ಲಿ ಎರಡು ‘ಹಂಗೇ ಅದ’ ಹೇಗೆ ಎಂದು ಕೇಳಿದ ಮೇಲೆ ನಿಜವಾದ ಮಾತು ಒಂದೊಂದಾಗಿ ಹೊರಬಿತ್ತು. ಸಂಜೆ ಊರಿಗೆ ಬಸ್ಸಿಲ್ಲ. ದಾರಿಯಲ್ಲಿ ಏನಾದರೂ ಆದರೆ ಮಂದಿ ಏನಂದಾರು ಎಂಬ ಅಂಜಿಕೆ. ಓದಿದಷ್ಟೂ ಓದಿದ ಗಂಡನ್ನೇ ನೋಡಬೇಕು, ವರದಕ್ಷಿಣೆ ಏರುತ್ತದೆ. ಆ ವರ್ಷ ತೊಗರಿ ಕೈಕೊಟ್ಟಿತ್ತು. ಇವು ಯಾವುವೂ ನಿಸರ್ಗದ ನಿಯಮಗಳಲ್ಲ. ಬಸ್ಸಿನ ಪ್ರಶ್ನೆಗೆ ಹೆಣ್ಣುಮಕ್ಕಳ ಹಾಸ್ಟೆಲ್ ಉತ್ತರವಾಯಿತು. ಮಿಕ್ಕ ಅಂಜಿಕೆಗಳಿಗೆ ಪೂರ್ತಿ ಉತ್ತರ ಸಿಗಲಿಲ್ಲವಾದರೂ ಎರಡು ವರ್ಷ ಸಿಕ್ಕಿತು, ಹುಡುಗಿ ಪಿ.ಯು.ಸಿ. ಮುಗಿಸಿದಳು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಹೆಂಗಸರಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು 55 ಮಂದಿ ಮಾತ್ರ. ಉಳಿದ ನಲವತ್ತೈದು ಮಂದಿಯಲ್ಲಿ ಎಷ್ಟೋ ಜನ ಒಂದು ‘ಹಂಗೇ ಅದ’ದ ಮುಂದೆ ನಿಂತವರೇ ಅಲ್ಲವೆ?

ಇಲ್ಲಿಗೆ ನಿಲ್ಲಿಸಿದರೆ ಅರ್ಧ ಮಾತು ಹೇಳಿದಂತಾಗುತ್ತದೆ. ಉತ್ತರ ಇರುವಲ್ಲಿ ‘ಹಂಗೇ ಅದ’ ಎನ್ನುವುದು ಅನ್ಯಾಯ, ಸರಿ. ಆದರೆ ‘ಹಂಗೇ ಅದ’ ಎಂದು ನಿಲ್ಲಬೇಕಾದ ಕಡೆ ನಿಲ್ಲದೆ ಉತ್ತರ ಹುಟ್ಟಿಸುವುದೂ ಅಷ್ಟೇ ಅನ್ಯಾಯ. ಅದರ ಪೆಟ್ಟು ಬೀಳುವುದೂ ಹೆಚ್ಚಾಗಿ ಹೆಂಗಸರಿಗೇ.

ಏಪ್ರಿಲ್, ಮೇ ತಿಂಗಳಲ್ಲಿ ಮುಂಗಾರಿಗೆ ಮೊದಲ ಗುಡುಗು ಮಳೆ ಬರುತ್ತಲೇ ನಮ್ಮ ಭಾಗದ ಪತ್ರಿಕೆಗಳಲ್ಲಿ ಸಿಡಿಲಿನ ಸಾವಿನ ಸುದ್ದಿ ಬರಲಾರಂಭಿಸುತ್ತದೆ. ಕುರಿ ಕಾಯುವವರು, ಹೊಲದಲ್ಲಿದ್ದವರು, ಮರದ ಕೆಳಗೆ ನಿಂತವರು. ಸಿಡಿಲೂ ವಿದ್ಯುತ್ ಕ್ಷೇತ್ರದ್ದೇ ಕೆಲಸ. ಆಕಾಶ ನಿರ್ಮಲವಾಗಿರುವ ದಿನವೂ ನೆಲದ ಹತ್ತಿರ ಮೀಟರಿಗೆ ಸುಮಾರು 100 ವೋಲ್ಟ್‌ನಷ್ಟು ಕ್ಷೇತ್ರ ಇದ್ದೇ ಇರುತ್ತದೆ. ನಮಗೆ ಅದು ತಿಳಿಯುವುದಿಲ್ಲ. ಕರಿಮೋಡ ಕವಿದಾಗ ಅದು ಸಾವಿರಾರು ವೋಲ್ಟಿಗೆ ಏರುತ್ತದೆ. ಎತ್ತರದ ಒಂಟಿ ಮರದ ತುದಿಯಲ್ಲಿ ಆವೇಶ ಒತ್ತೊತ್ತಾಗಿ ಸೇರಿ ಅಲ್ಲಿ ಕ್ಷೇತ್ರ ಎಲ್ಲಕ್ಕಿಂತ ಬಲವಾಗಿರುತ್ತದೆ. ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ಮುಟ್ಟಿದರೆ ಒಣಗಾಳಿಯೂ ತಡೆಯಲಾರದೆ ದಾರಿ ಬಿಡುತ್ತದೆ. ಅದಕ್ಕೇ ಗುಡುಗಿನ ಹೊತ್ತಿನಲ್ಲಿ ಬಯಲಿನ ಬೇವಿನ ಮರದಡಿ ನಿಲ್ಲಬಾರದು. ಮೈಯ ಕೂದಲು ನಿಮಿರಿದಂತಾದರೆ ತಡಮಾಡದೆ ಗಟ್ಟಿ ಮನೆಯೊಳಗೆ ಸೇರಬೇಕು.

ಒಬ್ಬ ಹೆಣ್ಣುಮಗಳನ್ನು ನಾನು ಬಲ್ಲೆ. ಮದುವೆಯಾಗಿ ಮೂರು ತಿಂಗಳಾಗಿತ್ತು. ಹೊಲ ಹರಗಲು ಹೋದ ಗಂಡ, ಮಳೆ ಬಂತೆಂದು ಬೇವಿನ ಮರದಡಿ ನಿಂತು ಸಿಡಿಲಿಗೆ ಬಲಿಯಾದ. ‘ಇಷ್ಟು ಮಂದಿಯೊಳಗ ನನ್ನ ಗಂಡಗೇ ಯಾಕ?’ ಎಂದು ಅವಳು ಅತ್ತಳು. ಮರದ ಎತ್ತರ, ಮೋಡದ ಆವೇಶ ಇವೆಲ್ಲ ಸಿಡಿಲು ಹೇಗೆ ಬಿತ್ತು ಎಂಬುದಕ್ಕೆ ಉತ್ತರ. ಅವಳು ಕೇಳಿದ್ದು ಅದಲ್ಲ. ಅವಳು ಕೇಳಿದ ‘ಯಾಕ’ಕ್ಕೆ ನಿಸರ್ಗದಲ್ಲಿ ಉತ್ತರವಿಲ್ಲ. ಕ್ಷೇತ್ರಕ್ಕೆ ಯಾರ ಗಂಡ, ಯಾರ ಮಗ ಎಂದು ತಿಳಿಯದು. ಆದರೆ ಮನೆಯವರು ಸುಮ್ಮನಿರಲಿಲ್ಲ, ಉತ್ತರ ಕೊಟ್ಟರು. ‘ಇವಳ ಕಾಲ್ಗುಣ’ ಎಂದರು. ಆ ಒಂದು ಉತ್ತರದ ಭಾರ ಹೊತ್ತುಕೊಂಡು ಆಕೆ ತವರಿಗೆ ಮರಳಿದಳು. ಇಂದಿಗೂ ಯಾರ ಮದುವೆಯಲ್ಲೂ ಮುಂದೆ ಬಂದು ನಿಲ್ಲುವುದಿಲ್ಲ.

ಅಲ್ಲಿ ಯಾರಾದರೂ ಹಿರಿಯರು ಅವಳ ಪಕ್ಕ ಕುಳಿತು, ‘ಯಾಕಂತ ಇಲ್ಲವ್ವಾ, ಸಿಡಿಲು ಹಂಗೇ ಅದ, ನಿನ್ನದೇನೂ ಇಲ್ಲ ಇದರಾಗ’ ಎಂದಿದ್ದರೆ? ಶಾಲೆಗೆ ಹೋಗುವ ಮಗಳಿಗೆ ಹೇಳಿದಾಗ ಕ್ರೂರವಾಗುವ ಅದೇ ಮಾತು ಇಲ್ಲಿ ಎಂಥ ಕರುಣೆಯ ಮಾತಾಗುತ್ತಿತ್ತು! ಕಾರಣ ಸಿಗದಿದ್ದರೂ ಕಲ್ಪಿಸಿ ಹೇಳಲಾರೆ ಎಂದ ನ್ಯೂಟನ್ ಗ್ರಹಗಳ ವಿಷಯದಲ್ಲಿ ಪ್ರಾಮಾಣಿಕನಾಗಿದ್ದ. ನಮ್ಮ ಮನೆಗಳಲ್ಲಿ ಬಂದ ಕಷ್ಟಗಳ ವಿಷಯದಲ್ಲಿ ನಾವೂ ಅಷ್ಟು ಪ್ರಾಮಾಣಿಕರಾಗಿದ್ದರೆ ಎಷ್ಟೋ ಸೊಸೆಯಂದಿರು ತಲೆ ಎತ್ತಿ ನಡೆಯುತ್ತಿದ್ದರು.

ನಾವು ಇದನ್ನು ತಿರುವುಮುರುವಾಗಿ ಮಾಡುತ್ತಿದ್ದೇವೆ. ಮನುಷ್ಯರು ಮಾಡಿದ ಕಟ್ಟಳೆಗೆ ‘ಹಂಗೇ ಅದ’ ಎನ್ನುತ್ತೇವೆ. ನಿಸರ್ಗದಲ್ಲಿ ಸುಮ್ಮನೆ ಆದದ್ದಕ್ಕೆ ಕಾರಣ ಹುಡುಕಿ ಒಬ್ಬ ಹೆಂಗಸಿನ ಕಾಲ ಬುಡಕ್ಕೆ ತಂದು ಹಾಕುತ್ತೇವೆ.

ಇದನ್ನು ಸರಿಪಡಿಸಲು ದೊಡ್ಡ ಓದು ಬೇಕಿಲ್ಲ ಎಂದು ನನ್ನ ನಂಬಿಕೆ. ಮಗಳು ಅಡಿಗೆಮನೆಯ ಬಾಗಿಲಲ್ಲಿ ನಿಂತು ‘ಯಾಕ?’ ಎಂದಾಗ, ಬಾಯಿಗೆ ಬಂದ ಉತ್ತರವನ್ನು ಒಂದು ಕ್ಷಣ ತಡೆದು, ಇದು ನೆರೆಯ ಊರಿನಲ್ಲೂ ಹೀಗೇ ಇದೆಯೇ, ಗಂಡುಮಕ್ಕಳಿಗೂ ಹೀಗೇ ಇದೆಯೇ ಎಂದು ನಮ್ಮನ್ನೇ ನಾವು ಕೇಳಿಕೊಂಡರಾಯಿತು. ಇಲ್ಲ ಎಂದಾದರೆ ಅದರ ಹಿಂದೆ ಒಂದು ಕಾರಣವಿದೆ, ಬಸ್ಸೋ, ದುಡ್ಡೋ, ಅಂಜಿಕೆಯೋ. ಅದನ್ನು ಅವಳಿಗೆ ಬಿಚ್ಚಿ ಹೇಳೋಣ. ಕಾರಣ ಕೈಗೆ ಸಿಕ್ಕರೆ ಅದನ್ನು ಬದಲಾಯಿಸುವ ದಾರಿಯನ್ನು ಅವಳೇ ಹುಡುಕಿಯಾಳು. ಎಲ್ಲ ಕಡೆ, ಎಲ್ಲರಿಗೂ ಹೀಗೇ ಇದೆ ಎಂದಾದರೆ, ‘ಇಲ್ಲಿತನಕ ತಿಳಿದದ, ಮುಂದಿಂದು ನೀನು ಓದಿ ನೋಡು’ ಎನ್ನೋಣ. ಹಾಗೆ ಹೇಳಲು ಬಿ.ಎ., ಬಿ.ಇಡ್. ಕೂಡ ಬೇಕಾಗಿಲ್ಲ.